ಹುಣಸೆಮರದ ಬಾಣಂತಿ: ನಮ್ಮ ಸೀಮೆಯ ಬಣ್ಣದ ಕೊಕ್ಕರೆಯ ಚರಿತ್ರೆ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸುಸಂದರ್ಭದಲ್ಲಿ ಸ್ಮರಣ ಸಂಚಿಕೆ ತರಬೇಕೆಂದು ಆಡಳಿತ ಮಂಡಳಿ ಸಭೆಯಲ್ಲಿ ತೀರ್ಮಾನವಾಯಿತು. ಷೇರು ಬಂಡವಾಳ, ಸಾಲ ವಸೂಲಿ, ಆಡಿಟ್ ವರ್ಗೀಕರಣ ಇವುಗಳ ಬಗ್ಗೆ ಬರೆಯಲು ಅಧ್ಯಕ್ಷರೂ ಕಾರ್ಯದರ್ಶಿಗಳೂ ಇದ್ದಾರೆ. "ನೀವು ಚರಿತ್ರೆ ಕಡೆ ಏನಾದ್ರೂ ಬರ್ಕೊಡಿ" ಅಂತ ನನ್ನ ಪಾಲಿಗೆ ಇದು ಬಂತು. ಊರಿನ ದೇವಸ್ಥಾನ, ಪಟೇಲರ ಮನೆತನ, ಹಬ್ಬ ಹರಿದಿನ ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಓದಿದ್ದು ಎಸ್.ಎಸ್.ಎಲ್.ಸಿ. ವರೆಗೆ ಮಾತ್ರ. ಆದರೆ ಹಕ್ಕಿಪಕ್ಷಿ ನೋಡುವುದು, ಅವುಗಳ ಬಗ್ಗೆ ಪುಸ್ತಕ ತಂದು ಓದುವುದು ಮೊದಲಿನಿಂದಲೂ ನನಗೆ ಅಂಟಿಕೊಂಡ ಹುಚ್ಚು. ಆದ್ದರಿಂದ ಈ ಶಿಂಷಾ ಸೀಮೆಯಲ್ಲಿ ನಮ್ಮಷ್ಟೇ ಹಳೆಯ ಒಕ್ಕಲಾದ ಬಣ್ಣದ ಕೊಕ್ಕರೆಯ ಚರಿತ್ರೆಯನ್ನು ನನಗೆ ತಿಳಿದಮಟ್ಟಿಗೆ ಬರೆಯುತ್ತೇನೆ. ಸಹಕಾರ ಸಂಘಕ್ಕೂ ಕೊಕ್ಕರೆಗೂ ಏನು ಸಂಬಂಧ ಎಂದು ಕೇಳುವವರು ಕೊನೆಯವರೆಗೆ ಓದಬೇಕೆಂದು ವಿನಂತಿ.

ಮೊದಲು ಹಕ್ಕಿ ಯಾವುದು ಎಂದು ಗೊತ್ತು ಮಾಡಿಕೊಳ್ಳೋಣ. ನಮ್ಮ ಕಡೆ ಉದ್ದ ಕಾಲಿನ ಬಿಳೀ ಹಕ್ಕಿ ಯಾವುದು ಕಂಡರೂ ಕೊಕ್ಕರೆ ಅಂದುಬಿಡುವ ವಾಡಿಕೆ. ಗದ್ದೆ ಉಳುವಾಗ ನೇಗಿಲ ಹಿಂದೆ, ಈಗ ಟ್ರಾಕ್ಟರ್ ಹಿಂದೆ, ಓಡಾಡಿ ಹುಳ ಹೆಕ್ಕುವುದು ಬೆಳ್ಳಕ್ಕಿ. ಎಮ್ಮೆ ಬೆನ್ನ ಮೇಲೆ ಸವಾರಿ ಮಾಡುವುದೂ ಅದೇ. ಬಣ್ಣದ ಕೊಕ್ಕರೆ ಅದಕ್ಕಿಂತ ಬಲು ದೊಡ್ಡದು. ನಿಂತರೆ ಮೂರಡಿ ಮೇಲೆ ಎತ್ತರ, ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಐದಡಿ, ತೂಕ ಎರಡರಿಂದ ಮೂರೂವರೆ ಕೆ.ಜಿ. ಮೈಯೆಲ್ಲ ಬಿಳಿ. ರೆಕ್ಕೆಯ ಅಂಚು ಹಸಿರು ಹೊಳಪಿನ ಕಪ್ಪು. ಎದೆಗೆ ಅಡ್ಡಲಾಗಿ ಕಪ್ಪು ಬಿಳುಪು ಕಲೆತ ಒಂದು ಪಟ್ಟಿ, ಪಟ್ಟೆಯಂಚಿನ ಪಂಚೆ ಸುತ್ತಿದ ಹಾಗೆ. ಬಾಲದ ಮೇಲೆ ಇಳಿಬಿದ್ದ ಗರಿಗಳು ಮಾತ್ರ ಗುಲಾಬಿ ಬಣ್ಣ. ದೂರದಿಂದ ನೋಡಿದರೆ ಮದುವೆಗೆ ಹೊರಟ ಹೆಂಗಸು ಸೆರಗು ಇಳಿಬಿಟ್ಟುಕೊಂಡು ನಿಂತಂತೆ ಕಾಣುತ್ತದೆ. ಬಣ್ಣದ ಕೊಕ್ಕರೆ ಎಂಬ ಹೆಸರಿಗೆ ಈ ಸೆರಗೇ ಕಾರಣ ಎಂದು ನನ್ನ ತಿಳುವಳಿಕೆ.

ಮುಖದ ಮೇಲೆ ಪುಕ್ಕವೇ ಇಲ್ಲ, ಬೋಳು. ಆ ಚರ್ಮ ಕಿತ್ತಳೆ ಬಣ್ಣದ್ದು, ಮರಿ ಮಾಡುವ ಕಾಲಕ್ಕೆ ಕೆಂಪೇರುತ್ತದೆ. ಕೊಕ್ಕು ಹಳದಿ, ಬುಡದಲ್ಲಿ ದಪ್ಪ, ತುದಿಯಲ್ಲಿ ಕೊಂಚ ಕೆಳಕ್ಕೆ ಬಾಗಿದೆ. 1769ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟವರು ಥಾಮಸ್ ಪೆನ್ನೆಂಟ್ ಎಂಬ ಬ್ರಿಟಿಷ್ ವಿದ್ವಾಂಸರು. ಆ ಹೆಸರಿನ ಅರ್ಥ ಬಿಳಿತಲೆಯದು ಅಂತ. ಕಿತ್ತಳೆ ಮುಖದ ಹಕ್ಕಿಗೆ ಬಿಳಿತಲೆ ಎಂದು ಏಕೆ ಹೆಸರಿಟ್ಟರೋ, ದೊಡ್ಡವರ ವಿಚಾರ. ಗಂಡು ಹೆಣ್ಣು ನೋಡಲು ಒಂದೇ ಥರ, ಗಂಡು ಸ್ವಲ್ಪ ದಪ್ಪ, ಅದರ ಕೊಕ್ಕೂ ಸ್ವಲ್ಪ ದೊಡ್ಡದು. ಮರಿಗಳದ್ದು ಬೂದುಗಂದು ಬಣ್ಣ. ಅಪ್ಪ ಅಮ್ಮನ ಬಣ್ಣ ಪೂರ್ತಿ ಬರಲು ಎರಡು ಮೂರು ವರ್ಷ ಬೇಕು.

ಹಾರುವಾಗ ಗುರುತು ಹಿಡಿಯುವುದು ಬಹಳ ಸುಲಭ. ಬೆಳ್ಳಕ್ಕಿ ಕತ್ತು ಮಡಿಚಿಕೊಂಡು ಹಾರುತ್ತದೆ. ಕೊಕ್ಕರೆ ಕತ್ತನ್ನು ಮುಂದಕ್ಕೆ, ಕಾಲನ್ನು ಹಿಂದಕ್ಕೆ ನೀಟಾಗಿ ಚಾಚಿಕೊಂಡು ಹಾರುತ್ತದೆ. ಬೆಳಗ್ಗೆ ಬಿಸಿಲೇರಿ ನೆಲದಿಂದ ಬಿಸಿಗಾಳಿ ಏಳತೊಡಗಿದ ಮೇಲೆ ಅದರ ಮೇಲೆ ಸುತ್ತು ಹಾಕುತ್ತ ಮೇಲಕ್ಕೆ ಏರುತ್ತವೆ, ರೆಕ್ಕೆ ಬಡಿಯುವ ಖರ್ಚೇ ಇಲ್ಲ. ಅಷ್ಟು ದೊಡ್ಡ ಹಕ್ಕಿಗೆ ಕೂಗಲು ಬರುವುದಿಲ್ಲ ಎಂಬುದು ಇನ್ನೊಂದು ವಿಚಿತ್ರ. ಕೊಕ್ಕಿಗೆ ಕೊಕ್ಕು ಕುಟ್ಟಿ ಟಕಟಕ ಸದ್ದು ಮಾಡುತ್ತದೆ, ಗೂಡಿನಲ್ಲಿ ಒಮ್ಮೊಮ್ಮೆ ನರಳಿದಂತೆ ಸಣ್ಣ ದನಿ ಬರುತ್ತದೆ, ಅಷ್ಟೇ. ಗಲಾಟೆಯೆಲ್ಲ ಮರಿಗಳದ್ದು.

ಇಲ್ಲಿ ಒಂದು ತಪ್ಪು ತಿಳುವಳಿಕೆ ಬಿಡಿಸಬೇಕು. ನೋಡಲು ಬರುವ ಪೇಟೆ ಜನ, ನಮ್ಮಲ್ಲೂ ಕೆಲವರು, ಇವು ಸೈಬೀರಿಯಾದಿಂದ ಬರ್ತವೆ, ಆಸ್ಟ್ರೇಲಿಯಾದಿಂದ ಬರ್ತವೆ ಅಂತಾರೆ. ಹಾಗಿಲ್ಲ. ಗದಗ ಸೀಮೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುವುದು ನಿಜ. ಬಣ್ಣದ ಕೊಕ್ಕರೆ ಮಾತ್ರ ನಮ್ಮ ದೇಶದ್ದೇ. ಭಾರತ, ಶ್ರೀಲಂಕಾ, ಆ ಕಡೆ ಥಾಯ್ಲೆಂಡ್, ಕಾಂಬೋಡಿಯಾ ಮುಂತಾದ ಕಡೆ ಇದರ ಸಂಸಾರ. ಮರಿ ಮಾಡಿ ಮುಗಿದ ಮೇಲೆ ನೀರಿದ್ದ ಕಡೆ ಚದರಿಹೋಗುತ್ತದೆ, ಮತ್ತೆ ಕಾಲಕ್ಕೆ ಸರಿಯಾಗಿ ಬರುತ್ತದೆ. ಹೊಟ್ಟೆಪಾಡಿಗೆ ಬೆಂಗಳೂರಿಗೆ ಹೋಗಿ ಹಬ್ಬಕ್ಕೆ ಊರಿಗೆ ಬರುವ ನಮ್ಮ ಹುಡುಗರ ಹಾಗೆ.

ಇನ್ನು ಊಟದ ವಿಚಾರ. ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಯಾಕೆಂದರೆ ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ. ಬಕ ಪಕ್ಷಿ ನೀರಲ್ಲಿ ಕಲ್ಲಿನಂತೆ ನಿಂತು, ಕಣ್ಣಿಂದ ಮೀನು ನೋಡಿ, ಈಟಿ ಎಸೆದಂತೆ ಕುಕ್ಕುತ್ತದೆ. ಬಣ್ಣದ ಕೊಕ್ಕರೆಗೆ ಕಣ್ಣಿನ ಕೆಲಸ ಕಡಿಮೆ. ಅದು ಮೊಣಕಾಲುದ್ದದ ನೀರಿಗಿಳಿದು, ಕೊಕ್ಕನ್ನು ಅರ್ಧ ತೆರೆದು ನೀರಲ್ಲಿ ಅದ್ದಿ, ಅತ್ತಿಂದಿತ್ತ ಆಡಿಸುತ್ತ ನಿಧಾನ ನಡೆಯುತ್ತದೆ. ಕಾಲಿನಿಂದ ಕೆಸರು ಕದಡಿ ಅಡಗಿದ ಮೀನನ್ನು ಎಬ್ಬಿಸುತ್ತದೆ. ಮೀನು ಕೊಕ್ಕಿಗೆ ತಗುಲಿತೋ, ಇಲಿಬೋನು ಬಿದ್ದಂತೆ ಕೊಕ್ಕು ಮುಚ್ಚಿಕೊಳ್ಳುತ್ತದೆ. ಮುಟ್ಟಿ ಹಿಡಿಯುವ ಬೇಟೆ ಇದು. ಹೀಗಾಗಿ ರಾಡಿ ನೀರಾದರೂ ಸರಿ, ರಾತ್ರಿಯಾದರೂ ಸರಿ, ಅದಕ್ಕೆ ಮೀನು ಸಿಗುತ್ತದೆ. ಮುಖ್ಯ ಆಹಾರ ಸಣ್ಣ ಮೀನು. ಕಪ್ಪೆ, ಏಡಿ ಸಿಕ್ಕರೂ ಬಿಡುವುದಿಲ್ಲ.

ಮುಟ್ಟಿ ಹಿಡಿಯುವವನಿಗೆ ಮೀನು ಒತ್ತೊತ್ತಾಗಿ ಇರಬೇಕು. ತುಂಬಿದ ಕೆರೆಯಲ್ಲಿ ಮೀನು ಎಷ್ಟೇ ಇರಲಿ, ನೀರು ಆಳ, ಮೀನು ಚದರಿಕೊಂಡಿರುತ್ತದೆ, ಕೊಕ್ಕರೆಗೆ ಪ್ರಯೋಜನವಿಲ್ಲ. ಅದು ಈಜುವ ಹಕ್ಕಿಯೂ ಅಲ್ಲ, ಒಂದು ಗೇಣು ಒಂದೂವರೆ ಗೇಣು ನೀರೇ ಅದರ ಅಂಗಳ. ಸಂಕ್ರಾಂತಿ ಕಳೆದು ಬಿಸಿಲು ಬಲಿತಂತೆ ನಮ್ಮ ಕೆರೆಗಳ ನೀರು ಇಳಿಯುತ್ತ ಬರುತ್ತದೆ. ಅಂಚಿನಲ್ಲಿ ತೆಳುನೀರಿನ ಮಡುಗಳು ಉಳಿಯುತ್ತವೆ. ಮೀನೆಲ್ಲ ಅದಕ್ಕೆ ಸೇರಿಕೊಳ್ಳುತ್ತದೆ. ನಮಗೆ ಅದು ಬರುವ ಬೇಸಿಗೆಯ ಚಿಂತೆ ಶುರುವಾಗುವ ಕಾಲ, ಕೊಕ್ಕರೆಗೆ ಅದು ಸುಗ್ಗಿ. ನಮ್ಮ ಸೀಮೆಯಲ್ಲಿ ಅದು ಜನವರಿಯಿಂದ ಜೂನ್ ಜುಲೈವರೆಗೆ ಸಂಸಾರ ಹೂಡುವುದು ಈ ಲೆಕ್ಕಕ್ಕೇ. ಉತ್ತರ ಭಾರತದ ಭರತಪುರದ ಕಡೆ ಇದೇ ಹಕ್ಕಿ ಮಳೆಗಾಲದ ಕೊನೆಗೆ ಗೂಡು ಕಟ್ಟುತ್ತದೆ, ಯಾಕೆಂದರೆ ಅಲ್ಲಿನ ನೀರಿನ ಲೆಕ್ಕ ಬೇರೆ. ಪಂಚಾಂಗ ನೋಡದಿದ್ದರೂ ಆಯಾ ಊರಿನ ನೀರು ನೋಡಿಕೊಂಡು ಲಗ್ನ ಇಡುತ್ತದೆ ಎನ್ನಬಹುದು.

ಗೂಡು ಕಟ್ಟುವುದು ಒಂಟಿಯಾಗಿ ಅಲ್ಲ. ಒಂದು ಮರದಲ್ಲಿ ಹತ್ತು, ಇಪ್ಪತ್ತು ಗೂಡು, ಪಕ್ಕದ ಮರದಲ್ಲಿ ಇನ್ನಷ್ಟು. ಹುಣಸೆ, ಅರಳಿ, ಆಲ, ಜಾಲಿ ಇವು ಅದಕ್ಕೆ ಒಗ್ಗಿದ ಮರಗಳು. ಗಂಡು ಕಡ್ಡಿ ಆರಿಸಿ ತರುತ್ತದೆ, ಹೆಣ್ಣು ಜೋಡಿಸುತ್ತದೆ. ಮೂರು ನಾಲ್ಕು ಮೊಟ್ಟೆ. ಒಂದು ತಿಂಗಳು ಗಂಡ ಹೆಂಡತಿ ಸರದಿ ಮೇಲೆ ಕಾವು ಕೂರುತ್ತವೆ. ಮೊಟ್ಟೆ ಒಂದೊಂದು ದಿನ ಬಿಟ್ಟು ಇಡುವುದರಿಂದ ಮರಿಗಳೂ ಹಿಂದೆ ಮುಂದೆ ಹೊರಬರುತ್ತವೆ, ಒಂದು ದೊಡ್ಡದು ಒಂದು ಚಿಕ್ಕದು. ಮೀನು ಸಾಕಷ್ಟು ಸಿಕ್ಕ ವರ್ಷ ಎಲ್ಲವೂ ಬದುಕುತ್ತವೆ. ಬರ ಬಂದ ವರ್ಷ ಕಿರಿಯದಕ್ಕೆ ಪಾಲು ಸಿಗುವುದಿಲ್ಲ. ಮರಿ ರೆಕ್ಕೆ ಬಲಿತು ಗೂಡು ಬಿಡಲು ಸುಮಾರು ಎರಡು ತಿಂಗಳು.

ಏಪ್ರಿಲ್ ಮೇ ತಿಂಗಳ ಬಿಸಿಲಲ್ಲಿ ಮರದ ತುದಿಯ ಗೂಡಿಗೆ ನೆರಳೆಲ್ಲಿಂದ ಬರಬೇಕು? ತಾಯಿ ಅಥವಾ ತಂದೆ ಹಕ್ಕಿ ಬಿಸಿಲಿಗೆ ಬೆನ್ನು ಕೊಟ್ಟು, ಎರಡೂ ರೆಕ್ಕೆ ಛತ್ರಿಯಂತೆ ಅಗಲಿಸಿ ಗಂಟೆಗಟ್ಟಲೆ ನಿಲ್ಲುತ್ತದೆ. ಕೊಕ್ಕಿನಲ್ಲಿ ನೀರು ತಂದು ಮರಿಗಳ ಮೇಲೆ ಸುರಿಯುತ್ತದೆ. ತನ್ನ ಕಾಲಿನ ಮೇಲೆ ತಾನೇ ಹಿಕ್ಕೆ ಹಾಕಿಕೊಳ್ಳುತ್ತದೆ, ಅದು ಆರುವಾಗ ಮೈ ತಂಪಾಗುತ್ತದೆ. ಹದ್ದು, ಕಾಗೆ ಅಥವಾ ಮನುಷ್ಯ ಹತ್ತಿರ ಬಂದರೆ ಮರಿಗಳು ತಿಂದ ಮೀನೆಲ್ಲ ಕಕ್ಕಿ, ಗೂಡಿನ ತಳಕ್ಕೆ ಅಂಟಿಕೊಂಡು ಸತ್ತಂತೆ ಬಿದ್ದುಕೊಳ್ಳುತ್ತವೆ. ಕೊಕ್ಕರೆ ಇರುವ ಊರಲ್ಲಿ ಮೀನಿನ ನಾತ ಯಾಕೆ ಅಂತೀರಾ, ಇದಕ್ಕೇ.

ಈಗ ಚರಿತ್ರೆಗೆ ಬರುತ್ತೇನೆ.

ಈ ಹಕ್ಕಿಗೂ ರೈತನಿಗೂ ಇರುವ ನಂಟಿಗೆ ದಾಖಲೆ ಸಿಗುವುದು ತಮಿಳುನಾಡಿನ ವೇದಾಂತಂಗಲ್ ಊರಿನಿಂದ. ಅಲ್ಲಿನ ಕೆರೆಯೊಳಗಿನ ಮರಗಳಲ್ಲಿ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆ ಎಲ್ಲ ಗೂಡು ಕಟ್ಟುತ್ತವೆ. ಹಿಕ್ಕೆ ನೀರಿಗೆ ಬೀಳುತ್ತದೆ, ಆ ನೀರು ಗದ್ದೆಗೆ ಹರಿಯುತ್ತದೆ, ಬೇರೆ ಗೊಬ್ಬರ ಬೇಕಿಲ್ಲದ ಹಾಗೆ ಭತ್ತ ಬರುತ್ತದೆ. ಇದು ಅಲ್ಲಿನ ರೈತರಿಗೆ ಗೊತ್ತಿತ್ತು. ಬಿಳಿಯರು ಬಂದೂಕು ಹಿಡಿದು ಅಲ್ಲಿ ಹಕ್ಕಿ ಹೊಡೆಯತೊಡಗಿದಾಗ ಊರವರು ಚೆಂಗಲ್ಪಟ್ಟಿನ ಕಲೆಕ್ಟರ್ ಲಯನಲ್ ಪ್ಲೇಸ್ ಅವರ ಹತ್ತಿರ ಹೋಗಿ ತಡೆಯಾಜ್ಞೆ ತಂದರು. ಅದು 1798ರ ಸುಮಾರು. ಇಡೀ ದೇಶದಲ್ಲಿ ಪಕ್ಷಿಧಾಮ ಎಂಬ ಮಾತೇ ಇಲ್ಲದ ಕಾಲ. 1858ರಲ್ಲಿ ಅದನ್ನು ಮತ್ತೊಮ್ಮೆ ಬರೆಸಿಕೊಂಡರು. ಓದು ಬರಹ ಇಲ್ಲದ ರೈತರು ಕಲೆಕ್ಟರ್ ಮುಂದೆ ನಿಂತು ಹಕ್ಕಿ ಪರ ಅರ್ಜಿ ಹಾಕಿದರಲ್ಲ, ಅವರ ಒಗ್ಗಟ್ಟಿಗೆ ಆಗ ಯಾವ ನೋಂದಣಿ ಸಂಖ್ಯೆಯೂ ಇರಲಿಲ್ಲ.

ಅದಾದ ಮೇಲೆ ಜರ್ಡನ್ ಎಂಬ ಒಬ್ಬ ಇಂಗ್ಲಿಷ್ ವೈದ್ಯರು 1862ರಿಂದ 1864ರವರೆಗೆ ಭಾರತದ ಹಕ್ಕಿಗಳ ಬಗ್ಗೆ ದೊಡ್ಡ ಪುಸ್ತಕ ತಂದರು. ಕರ್ನಾಟಿಕ್ ಸೀಮೆಯ ಒಂದು ಹಳ್ಳಿಯ ನಡುವೆಯೇ, ಗಿಡ್ಡ ಮರಗಳ ಮೇಲೆ ಹೆಜ್ಜಾರ್ಲೆಗಳು ಗೂಡು ಕಟ್ಟಿಕೊಂಡಿದ್ದನ್ನೂ, ಅವು ಜನರ ಓಡಾಟಕ್ಕೆ ಒಂದಿಷ್ಟೂ ಹೆದರದೆ ಇದ್ದದ್ದನ್ನೂ ಅವರು ಅದರಲ್ಲಿ ಬರೆದಿದ್ದಾರೆ. ಊರಿನ ಹೆಸರು ಬರೆದಿಲ್ಲ. ಆಗಿನ ಇಂಗ್ಲಿಷರ ಬಾಯಲ್ಲಿ ಕರ್ನಾಟಿಕ್ ಎಂದರೆ ಹೆಚ್ಚಾಗಿ ಘಟ್ಟದ ಕೆಳಗಿನ ತಮಿಳು ತೆಲುಗು ಸೀಮೆ. ಅದು ನಮ್ಮ ಬೆಳ್ಳೂರೇ ಎಂದು ಎದೆ ತಟ್ಟಿಕೊಳ್ಳುವುದು ಸರಿಯಲ್ಲ. ಆದರೆ ಹೆಜ್ಜಾರ್ಲೆ, ಕೊಕ್ಕರೆ ಇವು ಕಾಡು ಬಿಟ್ಟು ಜನವಸತಿಯ ನಡುವೆ ಇರುವುದು ನೂರಾರು ವರ್ಷದ ಪದ್ಧತಿ ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನಮಗೆಲ್ಲ ನೆಂಟರ ಊರು. ಹೆಣ್ಣು ತಂದವರೂ ಇದ್ದಾರೆ, ಕೊಟ್ಟವರೂ ಇದ್ದಾರೆ. ಮೊದಲು ಆ ಊರು ಶಿಂಷಾ ಹೊಳೆ ದಂಡೆಗೆ ಇನ್ನೂ ಹತ್ತಿರ ಇತ್ತು. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗು ಮುಂದೆ ವರ್ಷಗಟ್ಟಲೆ ಊರೂರು ಅಲೆಯಿತು. ಇಲಿ ಬಿದ್ದವು ಎಂದರೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದೇ ಆಗಿನ ಜನರಿಗೆ ಗೊತ್ತಿದ್ದ ಔಷಧಿ. ಬೆಳ್ಳೂರಿನ ಜನ 1916ರಲ್ಲಿ ಹಾಗೆ ಹಳೇ ಊರು ಬಿಟ್ಟು ಈಗಿನ ಜಾಗಕ್ಕೆ ಬಂದರು. ಜನ ಬಂದ ಮೇಲೆ ಹಕ್ಕಿಗಳೂ ಹಳೇ ಜಾಗದ ಮರ ಬಿಟ್ಟು ಹೊಸ ಊರಿನ ಮರಗಳಿಗೆ ಬಂದವು ಎಂದು ಅಲ್ಲಿಯ ಹಿರಿಯರು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದಾರೆ. ಕೇಳುವವರಿಗೆ ಇದು ಕಟ್ಟುಕತೆ ಅನ್ನಿಸಬಹುದು. ಯೋಚನೆ ಮಾಡಿದರೆ ಸಹಜವೇ. ಜನರಿದ್ದ ಕಡೆ ಹದ್ದು, ಕೋತಿ, ಕಾಡುಬೆಕ್ಕಿನ ಕಾಟ ಕಡಿಮೆ. ಊರಿನ ಗದ್ದಲವೇ ಮರಿಗಳಿಗೆ ಕಾವಲು.

"ಹೆರಿಗೆಗೆ ಬಂದ ಮಗಳನ್ನ ಯಾರಾದ್ರೂ ಓಡುಸ್ತಾರಾ?" ಇದು ಆ ಊರಿನ ಹೆಂಗಸರ ಬಾಯಲ್ಲಿ ಬರುವ ಮಾತು. ಕೊಕ್ಕರೆ ಅವರ ಲೆಕ್ಕದಲ್ಲಿ ತವರಿಗೆ ಬಾಣಂತನಕ್ಕೆ ಬಂದವಳು. ಮರದ ಕೆಳಗೆ ಬಟ್ಟೆ ಒಣಗಿಸುವ ಹಾಗಿಲ್ಲ, ಮಾಳಿಗೆ ಮೇಲೆ ಧಾನ್ಯ ಹರಡುವ ಹಾಗಿಲ್ಲ, ನಾತ ಸಹಿಸಬೇಕು. ಆದರೂ ಕಲ್ಲೆಸೆಯುವ ಮಕ್ಕಳಿಗೆ ಮೊದಲ ಏಟು ಕೊಡುತ್ತಿದ್ದವರು ಅವರ ತಾಯಂದಿರೇ. ಮರದಡಿ ಕೆರೆಗೋಡು ಹರಡಿ, ಮೇಲಿಂದ ಬಿದ್ದ ಹಿಕ್ಕೆ ಅದಕ್ಕೆ ಬೆರೆತ ಮೇಲೆ ಹೊಲಕ್ಕೆ ಹೊಡೆಯುವ ಪದ್ಧತಿ ಅಲ್ಲಿತ್ತು. ಸೊಸೈಟಿಯಲ್ಲಿ ಯೂರಿಯಾ ಮೂಟೆಗೆ ಸಾಲು ನಿಲ್ಲುವ ನಾವು ಅದರ ಬೆಲೆ ತಿಳಿಯಬಲ್ಲೆವು.

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಜಾಗ ಶ್ರೀರಂಗಪಟ್ಟಣದ ರಂಗನತಿಟ್ಟು. ಕಂಠೀರವ ನರಸರಾಜ ಒಡೆಯರು 1645ರಿಂದ 1648ರ ನಡುವೆ ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದ ಅಲ್ಲಿ ತಿಟ್ಟುಗಳು ಉಂಟಾದವು. ನೀರಾವರಿಗೆ ಕಟ್ಟಿದ ಒಡ್ಡು ಹಕ್ಕಿಗಳಿಗೆ ಮನೆ ಮಾಡಿಕೊಟ್ಟಿತು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದ ಸಲೀಂ ಅಲಿಯವರು ಅದನ್ನು ನೋಡಿ ಒತ್ತಾಯಿಸಿದ ಮೇಲೆ 1940ರಲ್ಲಿ ಸರ್ಕಾರ ಪಕ್ಷಿಧಾಮ ಮಾಡಿತು. 2022ರಲ್ಲಿ ಅದು ರಾಮ್ಸರ್ ಪಟ್ಟಿಗೂ ಸೇರಿತು. ಅಷ್ಟು ದೊಡ್ಡವರು ಬಂದುಹೋದರೂ ಬೆಳ್ಳೂರಿನ ಹೆಸರು ಹೊರಗೆ ಬರಲು ಇನ್ನೂ ಮೂವತ್ತಾರು ವರ್ಷ ಹಿಡಿಯಿತು. 1976ರಲ್ಲಿ ಅರಣ್ಯ ಇಲಾಖೆಯ ಅಧಿಕಾರಿ ಎಸ್.ಜಿ. ನೇಗಿನಹಾಳ ಅವರು ಊರಿನ ನಡುವೆ ಹೆಜ್ಜಾರ್ಲೆ, ಕೊಕ್ಕರೆಗಳ ಗೂಡು ನೋಡಿ ವರದಿ ಮಾಡಿದರು. ಮುಂದೆ ಬೆಂಗಳೂರಿನ ರಸ್ತೆಗಳಲ್ಲಿ ಲಕ್ಷಾಂತರ ಮರ ನೆಡಿಸಿದವರೂ ಇವರೇ. ಪುಸ್ತಕಗಳಲ್ಲಿ ಇದನ್ನು "ಪತ್ತೆ ಮಾಡಿದರು" ಎಂದು ಬರೆಯುತ್ತಾರೆ. ಬೆಳ್ಳೂರಿನವರಿಗೆ ಇದು ನಗು ಬರಿಸುವ ಮಾತು, ಅವರಿಗೆ ಹಕ್ಕಿ ಯಾವತ್ತೂ ಕಳೆದಿರಲಿಲ್ಲವಲ್ಲ. ಆದರೆ ನೇಗಿನಹಾಳರು ಮಾಡಿದ ದೊಡ್ಡ ಕೆಲಸ ಬೇರೆ ಇದೆ. ಹಕ್ಕಿ ಕೂತ ಹುಣಸೆಮರದ ಫಸಲು ಮಾಲೀಕನ ಕೈತಪ್ಪುತ್ತದೆ, ಅದಕ್ಕೆ ಪರಿಹಾರ ಕೊಡಬೇಕು ಎಂದು ಸರ್ಕಾರಕ್ಕೆ ಮನದಟ್ಟು ಮಾಡಿದರು. ಅಂದಿನಿಂದ ಮರದ ಲೆಕ್ಕದಲ್ಲಿ ಹಣ ಕೊಡುವ ಪದ್ಧತಿ ಶುರುವಾಯಿತು.

1990ರ ದಶಕದಲ್ಲಿ ಮೈಸೂರಿನ ಕೆ. ಮನು ಅವರು ಮತ್ತು ಸಂಗಡಿಗರು ಆ ಊರಲ್ಲೇ ಬೀಡುಬಿಟ್ಟು ಊರಿನ ಹುಡುಗರನ್ನು ಸೇರಿಸಿ ಹೆಜ್ಜಾರ್ಲೆ ಬಳಗ ಕಟ್ಟಿದರು. ಗಾಳಿಗೆ ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿ ಕಟ್ಟಿದ ಆವರಣದಲ್ಲಿಟ್ಟು, ಮೀನು ತಂದು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುವುದು ಬಳಗದ ಕೆಲಸ. ಮೊದಲೆಲ್ಲ ಬಿದ್ದ ಮರಿ ನಾಯಿ ಪಾಲಾಗುತ್ತಿತ್ತು. 2007ರಲ್ಲಿ ಸರ್ಕಾರ ಕೊಕ್ಕರೆ ಬೆಳ್ಳೂರನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ಪಕ್ಷಿಧಾಮಕ್ಕೂ ಇದಕ್ಕೂ ವ್ಯತ್ಯಾಸ ಇದೆ: ಜಮೀನು ಮರ ಎಲ್ಲ ರೈತರದ್ದೇ, ರಕ್ಷಣೆ ಊರವರೂ ಇಲಾಖೆಯೂ ಕೂಡಿ ಮಾಡಬೇಕು. ಒಂದು ರೀತಿ ಸಹಕಾರ ತತ್ವವೇ.

ಬೆಳ್ಳೂರು ಒಂದೇ ಎಂದು ತಿಳಿಯಬಾರದು. ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಊರೊಳಗಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆ ಸಂಸಾರ ಮಾಡುತ್ತವೆ. ಹೊರಗಿನವರಿಗೆ ಅದು ತಿಳಿದದ್ದು 1999ರಲ್ಲಿ. ಬಯಲುಸೀಮೆ, ಮಳೆ ಕಮ್ಮಿ, ಆದರೂ ಅಲ್ಲಿನ ಜನ ಅವನ್ನು ಊರಿಗೆ ಒಳ್ಳೆಯದೆಂದು ನಂಬಿ ಕಾಯುತ್ತಾರೆ. ದಿಲ್ಲಿಯಲ್ಲಂತೂ ಮೃಗಾಲಯದ ಕೊಳಗಳ ನಡುವಿನ ಮರಗಳಿಗೆ 1960ರಿಂದ ಕಾಡಿನ ಬಣ್ಣದ ಕೊಕ್ಕರೆಗಳು ತಾವಾಗಿ ಬಂದು ಗೂಡು ಕಟ್ಟುತ್ತಿವೆ. ಬೋನಿನ ಒಳಗಿನವು ಬೇರೆ, ಇವು ಬೇರೆ. ಅಂದಮೇಲೆ ಈ ಹಕ್ಕಿಗೆ ದಟ್ಟ ಕಾಡು ಬೇಕಿಲ್ಲ. ಕಲ್ಲೆಸೆಯದ ಜನ, ಗಟ್ಟಿ ಮರ, ತೆಳು ನೀರು ಇಷ್ಟಿದ್ದರೆ ರಾಜಧಾನಿಯಾದರೂ ಸರಿ.

ಇಷ್ಟೆಲ್ಲ ಓದಿದವರು ಕೊಕ್ಕರೆ ಸುಖವಾಗಿದೆ ಎಂದು ತಿಳಿದಾರು. ಹಾಗಿಲ್ಲ. ಹಿಂದಿನ ಲೆಕ್ಕಕ್ಕೆ ಹೋಲಿಸಿದರೆ ಬೆಳ್ಳೂರಿಗೆ ಬರುವ ಬಣ್ಣದ ಕೊಕ್ಕರೆ ಕಡಿಮೆಯಾಗಿದೆ. 2017ರ ಡಿಸೆಂಬರ್‌ನಿಂದ 2018ರ ಮೊದಲ ತಿಂಗಳುಗಳವರೆಗೆ ಅಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತವು; ಪಶುವೈದ್ಯರು ಕುಯ್ದು ನೋಡಿದಾಗ ಹೊಟ್ಟೆಯಲ್ಲಿ ಹುಳುಗಳ ಗಂಟು ಇತ್ತು, ಅದು ಮೀನಿನ ಮೂಲಕ ಸೇರಿದ್ದು. ಕೆರೆಯ ನೀರು ಕೆಟ್ಟರೆ ಯಾರ ಹೊಟ್ಟೆಗೆ ಬರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ವಿದ್ಯುತ್ ತಂತಿಗೆ ಸಿಕ್ಕಿ ಸಾಯುವುದೂ ಉಂಟು.

ನನ್ನ ಅಭಿಪ್ರಾಯದಲ್ಲಿ ಇದಕ್ಕೆಲ್ಲ ಹಿರಿಯ ಕಾರಣ ಹುಣಸೆಮರದ ಲೆಕ್ಕಾಚಾರ. ಇದನ್ನು ಪೇಟೆಯ ಪಕ್ಷಿಪ್ರೇಮಿಗಳು ಸರಿಯಾಗಿ ತಿಳಿಯುವುದಿಲ್ಲ. ಒಳ್ಳೆಯ ವಯಸ್ಸಿನ ಒಂದು ಹುಣಸೆಮರ ಫಸಲು ಹಿಡಿದ ವರ್ಷ ಒಂದೂವರೆ ಎರಡು ಕ್ವಿಂಟಾಲ್ ಹಣ್ಣು ಕೊಡುತ್ತದೆ. ಹಣ್ಣು ಬಲಿತು ಬಡಿಯುವ ಕಾಲ ಜನವರಿಯಿಂದ ಏಪ್ರಿಲ್. ಕೊಕ್ಕರೆ ಮೊಟ್ಟೆ ಇಟ್ಟು ಮರಿ ಮಾಡುವ ಕಾಲವೂ ಅದೇ. ಆಳು ಮರ ಹತ್ತಿ ಗಳುವಿನಿಂದ ಬಡಿದರೆ ಗೂಡು ಉಳಿಯದು. ಗೂಡು ಉಳಿಯಬೇಕಾದರೆ ಹಣ್ಣು ಮರದಲ್ಲೇ ಬಿಡಬೇಕು. ಅಲ್ಲದೆ ವರ್ಷವರ್ಷ ಹಿಕ್ಕೆ ಬಿದ್ದು ಎಲೆ ಸುಟ್ಟು ಮರವೂ ಸೊರಗುತ್ತದೆ. ಹಿಂದೆ ಒಂದು ಮನೆಗೆ ಹತ್ತಾರು ಮರ, ಇಡೀ ಕುಟುಂಬ ಒಟ್ಟಿಗೆ ಇದ್ದಾಗ ಎರಡು ಮರ ಹಕ್ಕಿಗೆ ಬಿಟ್ಟರೂ ನಡೆಯುತ್ತಿತ್ತು. ಅಣ್ಣತಮ್ಮಂದಿರು ಪಾಲಾದ ಮೇಲೆ ಒಬ್ಬೊಬ್ಬನಿಗೆ ಒಂದೋ ಎರಡೋ ಮರ. ಒಬ್ಬನ ಪಾಲಿಗೆ ಬಂದ ಒಂದೇ ಮರದಲ್ಲಿ ಕೊಕ್ಕರೆ ಕೂತರೆ ಅವನೊಬ್ಬನೇ ಇಡೀ ದೇಶದ ಪರವಾಗಿ ನಷ್ಟ ಹೊರಬೇಕು. ಕೊಡುವ ಪರಿಹಾರಕ್ಕೂ ಪೇಟೆ ಧಾರಣೆಗೂ ಹೊಂದಿಕೆಯಾಗಲ್ಲ ಎಂಬುದು ಅಲ್ಲಿಯ ಹಳೇ ದೂರು. ಇಟ್ಟಿಗೆ ಗೂಡಿನವರು, ಸಾ ಮಿಲ್ಲಿನವರು ನಗದು ಹಿಡಿದು ಮನೆ ಬಾಗಿಲಿಗೆ ಬರುತ್ತಾರೆ. ಮಗಳ ಮದುವೆ ಗೊತ್ತಾದವನು ಏನು ಮಾಡಿಯಾನು? ಅವನನ್ನು ಬೈಯುವುದು ಸುಲಭ, ನಾನು ಬೈಯಲಾರೆ. ಪರಿಹಾರವನ್ನು ಆ ವರ್ಷದ ಹುಣಸೆ ಧಾರಣೆಗೆ ಕಟ್ಟಿ, ಫಸಲಿನ ಕಾಲದಲ್ಲೇ ಕೈಗೆ ಕೊಟ್ಟರೆ ಮರ ಉಳಿಯುತ್ತದೆ.

ಕಾಣಿಸದ ಇನ್ನೊಂದು ಕಾರಣ ಕೆರೆಯದ್ದು. ಬೆಳ್ಳೂರಿನ ಕೊಕ್ಕರೆ ಬೆಳ್ಳೂರಿನಲ್ಲಿ ಉಣ್ಣುವುದಿಲ್ಲ. ಶಿಂಷಾ ಹೊಳೆ, ಮದ್ದೂರು ಕೆರೆ, ತೈಲೂರು ಕೆರೆ, ಸೂಳೆಕೆರೆ, ಹೀಗೆ ಸುತ್ತಲ ಮೈಲಿಗಟ್ಟಲೆ ದೂರದ ಕೆರೆಗಳಿಂದ ಮೀನು ಹೊರುತ್ತದೆ. ನಮ್ಮೂರ ಕೆರೆಯೂ ಅದರಲ್ಲಿ ಸೇರಿದೆ. ಫೆಬ್ರವರಿ ಮಾರ್ಚಿಯಲ್ಲಿ ನಮ್ಮ ಕೆರೆಯ ಮೂಡಲ ಅಂಚಿನ ತೆಳುನೀರಿನಲ್ಲಿ ಸಾಲಾಗಿ ನಡೆಯುವ ಕೊಕ್ಕರೆಗಳನ್ನು ದನ ಮೇಯಿಸುವವರೆಲ್ಲ ನೋಡಿದ್ದೀರಿ. ಅಂದರೆ ಬೆಳ್ಳೂರಿನ ಬಾಣಂತಿಗೆ ಊಟ ನಮ್ಮೂರಿಂದಲೂ ಹೋಗುತ್ತಿದೆ. ಆ ಊರಿನವರು ನೂರು ವರ್ಷ ಮರ ಕಾದರೂ, ಸುತ್ತಲ ಊರಿನವರು ಕೆರೆ ಕೆಡಿಸಿದರೆ ಹಕ್ಕಿ ನಿಲ್ಲುವುದಿಲ್ಲ.

ಈಗ ಹೂಳೆತ್ತುವ ಕೆಲಸ ಎಲ್ಲ ಕಡೆ ನಡೆಯುತ್ತಿದೆ. ಅದು ಬೇಕಾದ ಕೆಲಸವೇ, ಅದರ ಗೋಡು ನನ್ನ ಹೊಲಕ್ಕೂ ಬಂದಿದೆ. ಆದರೆ ಜೆಸಿಬಿ ಬಂದ ಮೇಲೆ ಕೆರೆಯ ನಾಲ್ಕೂ ಅಂಚನ್ನು ಗೋಡೆ ಕೊರೆದಂತೆ ನೆಟ್ಟಗೆ ತೋಡುವುದು ಅಭ್ಯಾಸವಾಗಿದೆ. ನೋಡಲು ಬಾವಿಯಂತೆ ಆಗುತ್ತದೆ. ನೀರು ಇಳಿದರೂ ತೆಳುನೀರು ಎಂಬುದೇ ಉಂಟಾಗದು. ಕೊಕ್ಕರೆಗೆ ಕಾಲೂರಲು ಜಾಗವಿಲ್ಲ, ದನಗಳಿಗೆ ಇಳಿದು ನೀರು ಕುಡಿಯಲು ದಾರಿಯಿಲ್ಲ, ಮಕ್ಕಳು ಕಾಲುಜಾರಿದರೆ ಹಿಡಿತ ಸಿಗುವುದಿಲ್ಲ. ನೀರುಗಂಟಿಗಳ ಕಾಲದ ಕೆರೆಗಳನ್ನು ನೋಡಿ, ಏರಿಯ ಕಡೆ ಆಳ, ನೀರು ಬರುವ ಕಡೆ ಇಳಿಜಾರು. ಅದು ಹಕ್ಕಿಗೆಂದು ಮಾಡಿದ್ದಲ್ಲ, ಆದರೆ ಹಕ್ಕಿಯೂ ಅದರಲ್ಲಿ ಬದುಕಿತು. ಮೀನು ಸಾಕಲು ಕೆರೆ ಹಿಡಿದವರು ಕೊಕ್ಕರೆ ಓಡಿಸಲು ಪಟಾಕಿ ಹೊಡೆಯುವುದನ್ನೂ ಬೇರೆ ಊರುಗಳಲ್ಲಿ ನೋಡಿದ್ದೇನೆ. ಬಿತ್ತಿದ ಕಟ್ಲಾ, ರೋಹು ಬಲಿತು ಆಳದಲ್ಲಿರುತ್ತವೆ. ಅಂಚಿನಲ್ಲಿ ಕೊಕ್ಕರೆ ಹೆಚ್ಚಾಗಿ ಹಿಡಿಯುವುದು ಬಲೆಗೂ ಬೀಳದ ಪುಡಿಮೀನು. ಅಷ್ಟಕ್ಕೆ ಪಟಾಕಿ ಖರ್ಚು ದಂಡ.

ನಮ್ಮ ಕೆರೆಯ ಹೂಳು ತೆಗೆಸುವ ಮಾತು ಈ ಬೇಸಿಗೆಗೆ ಬರುವುದಿದೆ. ಅದರ ಗೋಡಿಗೆ ಟ್ರಾಕ್ಟರ್ ಲೋಡಿನ ಪಟ್ಟಿ ಬರೆಸುವವರು ಹೆಚ್ಚಿನವರು ನಮ್ಮ ಸಂಘದ ಸದಸ್ಯರ ಪೈಕಿಯೇ. ಬರುವ ಸರ್ವಸದಸ್ಯರ ಸಭೆಯಲ್ಲಿ ನಾನು ಒಂದು ವಿಷಯ ಮಂಡಿಸುತ್ತೇನೆ: ಏರಿಯ ಕಡೆ ಎಷ್ಟು ಬೇಕೋ ಅಷ್ಟು ಆಳ ತೆಗೆಯಲಿ, ಮೂಡಲ ಅಂಚನ್ನು ಮಾತ್ರ ಈಗಿರುವ ಇಳಿಜಾರಿನಲ್ಲೇ ಬಿಡಬೇಕು, ಗೋಮಾಳದ ಪಕ್ಕದ ಹುಣಸೆಮರಗಳ ಬುಡದಿಂದ ಮಣ್ಣು ತೆಗೆಯಬಾರದು. ಆ ಮರಗಳಲ್ಲಿ ಈಗ ಗೂಡಿಲ್ಲ. ಆದರೆ ಹೋದ ಎರಡು ಬೇಸಿಗೆಯಲ್ಲಿ ಸಂಜೆ ಹೊತ್ತು ಏಳೆಂಟು ಕೊಕ್ಕರೆಗಳು ಬಂದು ಕೂತು, ಬೆಳಗಾದ ಮೇಲೆ ಹಾರಿಹೋಗುವುದನ್ನು ಹಾಲಿನ ಡೇರಿಗೆ ಹೋಗುವ ಹೆಂಗಸರು ನೋಡಿದ್ದಾರೆ.